ಎಂಬತ್ತು ಸಾವಿರ ಸೀಟಿನ ಸ್ಟೇಡಿಯಂ ಊರಾಚೆ ಇರಲಿ, ಊರ ನಡುವೆ ಹನ್ನೆರಡು ಸಾವಿರ ಜನಕ್ಕೊಂದು ಸೂರು ಕೊಡಿ

ಕರ್ನಾಟಕದ ಮಾನ್ಯ ಮುಖ್ಯಮಂತ್ರಿಗಳಿಗೆ, ಕ್ರೀಡಾ ಸಚಿವರಿಗೆ, ಹಾಗೂ ಗ್ರೇಟರ್ ಬೆಂಗಳೂರು ಪ್ರಾಧಿಕಾರದಲ್ಲಿ ಈ ಊರಿನ ನಕ್ಷೆ ಹರಡಿಕೊಂಡು ಕೂತಿರುವ ಎಲ್ಲರಿಗೂ,

ನಮಸ್ಕಾರ.

ನಾನು ಸಂಪಂಗಿರಾಮನಗರದವನು. ನಮ್ಮ ತಾರಸಿಯಿಂದ ಕಂಠೀರವ ಸ್ಟೇಡಿಯಂನ ದೀಪದ ಕಂಬಗಳು ಕಾಣುತ್ತವೆ. ಫುಟ್‌ಬಾಲ್ ಇರುವ ದಿನ ನಮ್ಮ ಮನೆಯಲ್ಲೊಂದು ತಮಾಷೆ. ಟೀವಿಯಲ್ಲಿ ಚೆಂಡು ಇನ್ನೂ ನಡುಗೆರೆ ದಾಟಿರುವುದಿಲ್ಲ, ಅಷ್ಟರಲ್ಲಿ ಕಿಟಕಿಯಿಂದ ‘ಹೋ’ ಅಂತ ಸದ್ದು ನುಗ್ಗುತ್ತದೆ. ಗೋಲು ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ. 2023ರ ಜುಲೈ 4ರ ರಾತ್ರಿ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್) ಫೈನಲ್ ಕುವೈತ್ ಎದುರು ಪೆನಾಲ್ಟಿಗೆ ಹೋಯಿತಲ್ಲ, ಅವತ್ತು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಕೊನೆಯ ಹೊಡೆತ ತಡೆದದ್ದನ್ನು ನಾನು ನೋಡುವುದಕ್ಕೆ ಮೊದಲೇ ಕೇಳಿಸಿಕೊಂಡೆ. ಟೀವಿಯಲ್ಲಿ ಕುವೈತಿನ ಆಟಗಾರ ಇನ್ನೂ ಚೆಂಡು ಇಡುತ್ತಿದ್ದ. ನನ್ನ ಹೆಂಡತಿ ಅಡುಗೆಮನೆಯಿಂದಲೇ “ಗೆದ್ವಿ ಕಣ್ರೀ” ಅಂದಳು.

ಸ್ಟೇಡಿಯಂ ಪಕ್ಕದಲ್ಲಿರುವವರು ಸರ್ಕಾರಕ್ಕೆ ಕಾಗದ ಬರೆದರೆ ಅದು ಗಲಾಟೆಯ ಬಗ್ಗೆ ದೂರೇ ಇರಬೇಕು ಅಂತ ನೀವು ಅಂದುಕೊಂಡಿರುತ್ತೀರಿ. ನನ್ನದು ಉಲ್ಟಾ ಅರ್ಜಿ. ಈ ಗಲಾಟೆಯನ್ನು ಊರಾಚೆ ಸಾಗಹಾಕಬೇಡಿ ಅಂತ ಕೇಳಲು ಬರೆಯುತ್ತಿದ್ದೇನೆ.

2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಮುಂದೆ, ಆರ್‌ಸಿಬಿ ವಿಜಯೋತ್ಸವಕ್ಕೆ ಬಂದ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅಲ್ಲಿಂದೀಚೆಗೆ ಈ ಊರಲ್ಲಿ ಸ್ಟೇಡಿಯಂ ಎಂದರೆ ಎಲ್ಲರ ಬೆರಳೂ ಹೊರವಲಯದ ಕಡೆಗೇ ತೋರಿಸುತ್ತದೆ. ಅದರ ತನಿಖೆ ನಡೆಸಿದ ನ್ಯಾಯಮೂರ್ತಿ ಮೈಕೆಲ್ ಕುನ್ಹಾ ಆಯೋಗ, ಆ ಜಾಗ ದೊಡ್ಡ ಜನಸಂದಣಿಗೆ ಸುರಕ್ಷಿತವಲ್ಲ ಅಂತ ಹೇಳಿತು. ಆ ವರ್ಷದ ಮಹಿಳಾ ವಿಶ್ವಕಪ್‌ನ ಪಂದ್ಯಗಳು ನಮ್ಮ ಕೈಬಿಟ್ಟು ನವಿ ಮುಂಬೈಗೆ ಹೋದವು. ಬೊಮ್ಮಸಂದ್ರದಾಚೆ ಸೂರ್ಯನಗರದಲ್ಲಿ 80,000 ಜನ ಕೂರುವ ಸ್ಟೇಡಿಯಂ ಕಟ್ಟುವ ಯೋಜನೆ ಮುಂದಕ್ಕೆ ಬಂತು. ಕಟ್ಟಿ, ಬೇಡ ಅನ್ನುವುದಿಲ್ಲ. ಹಳದಿ ಮಾರ್ಗದ ಮೆಟ್ರೋ ಬೊಮ್ಮಸಂದ್ರದವರೆಗಂತೂ ಬಂದಿದೆ. ಐಪಿಎಲ್ ಫೈನಲ್‌ಗೆ ಅಷ್ಟು ದೊಡ್ಡದು ಬೇಕೇನೋ. ಆದರೆ ಎಂಬತ್ತು ಸಾವಿರ ಜನ ಬರುವ ದಿನ ವರ್ಷಕ್ಕೆ ಎಷ್ಟು? ಮಿಕ್ಕ ದಿನಗಳಲ್ಲಿ ಈ ಊರಿಗೆ ಬೇಕಾಗುವುದು ಕಬಡ್ಡಿಗೆ, ಬ್ಯಾಸ್ಕೆಟ್‌ಬಾಲಿಗೆ, ಬ್ಯಾಡ್ಮಿಂಟನ್‌ಗೆ, ಒಳ್ಳೆಯ ಹಾಡುಗಾರನ ಒಂದು ಸಂಜೆಗೆ ಜಾಗ. ಸೂರಿರಬೇಕು, ಊರ ನಡುವೆ ಇರಬೇಕು, ಬಸ್ಸು ಮೆಟ್ರೋ ಹಿಡಿದು ಹೋಗುವಂತಿರಬೇಕು. ಹತ್ತು ಹನ್ನೆರಡು ಸಾವಿರ ಜನ ಕೂತರೆ ಸಾಕು.

ರವೀಂದ್ರ ಕಲಾಕ್ಷೇತ್ರ, ಚೌಡಯ್ಯ ಸ್ಮಾರಕ ಭವನ ಎರಡೂ ಸಾವಿರದ ಆಸುಪಾಸಿನವು. ಅದರ ಮೇಲೆ ಸರ್ಕಾರದ್ದು ಅಂತ ಇರುವುದು ಕಂಠೀರವದ ಒಳಾಂಗಣ, ಸುಮಾರು 4,000 ಸೀಟು. ಕೋರಮಂಗಲದಲ್ಲಿ ಇನ್ನೊಂದು ಇದೆ. ಅದರಾಚೆಗೆ ಮೆಟ್ಟಿಲೇ ಇಲ್ಲ, ನೆಟ್ಟಗೆ ಬಯಲಿಗೆ ಹಾರಬೇಕು: ಅರಮನೆ ಮೈದಾನ, ಇಲ್ಲವೇ ತುಮಕೂರು ರಸ್ತೆಯ ಕಡೆಯ ಬಾಡಿಗೆ ಬಯಲು. ಕೋಟಿ ದಾಟಿದ ಜನ ಇರುವ ಊರು ಇದು. ಕಲ್ಕತ್ತದವರು ಈಡನ್ ಗಾರ್ಡನ್ಸ್ ಪಕ್ಕದಲ್ಲೇ, ಊರಿನ ಎದೆಯ ಮೇಲೆ, ಹನ್ನೆರಡು ಸಾವಿರ ಜನ ಹಿಡಿಸುವ ನೇತಾಜಿ ಒಳಾಂಗಣ ಕಟ್ಟಿ 1975ರಲ್ಲಿ ಟೇಬಲ್ ಟೆನಿಸ್ ವಿಶ್ವ ಚಾಂಪಿಯನ್‌ಶಿಪ್ ನಡೆಸಿದರು. ಐವತ್ತು ವರ್ಷ ಆಯಿತು. ನಾವು ಐಟಿ ರಾಜಧಾನಿ ಅಂತ ಹೇಳಿಕೊಳ್ಳುತ್ತಾ ಇನ್ನೂ ಶಾಮಿಯಾನದ ಕಂಬ ನೆಡುತ್ತಿದ್ದೇವೆ.

ಶಾಮಿಯಾನವನ್ನು ಹಗುರವಾಗಿ ಮಾತಾಡಬಾರದು, ತಪ್ಪಾಯಿತು. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮಸೇವಾ ಮಂಡಳಿಯವರು 1939ರಲ್ಲಿ ಶುರುಮಾಡಿದ ರಾಮನವಮಿ ಸಂಗೀತೋತ್ಸವ ನಡೆದು ಬಂದಿದೆಯಲ್ಲ, ಈ ಊರು ಕಂಡ ಅತಿ ಒಳ್ಳೆಯ ‘ಬಹೂಪಯೋಗಿ ಅಂಗಳ’ ಅದೇ. ವರ್ಷವೆಲ್ಲ ಹುಡುಗರು ಕ್ರಿಕೆಟ್ ಆಡುವ ಜಾಗ. ಚೈತ್ರ ಬಂದರೆ ಪೆಂಡಾಲು ಏಳುತ್ತದೆ. ಟಿಕೆಟ್ ಕೊಂಡವರು ಒಳಗೆ ಕುರ್ಚಿಯಲ್ಲಿ, ಕೊಳ್ಳದವರು ಹೊರಗೆ ಸ್ಕೂಟರ್ ಮೇಲೆ, ಕಾಂಪೌಂಡಿಗೆ ಒರಗಿಕೊಂಡು. ನಮ್ಮಪ್ಪ ಒಳಗೆ ಕೂತದ್ದು ಒಂದೆರಡು ಸಲ ಇರಬಹುದು. ಆದರೂ ಅವರಿಗೆ ದೊಡ್ಡ ವಿದ್ವಾಂಸರ ತೋಡಿ, ಕಾಂಬೋಧಿ ಎಲ್ಲ ಕಂಠಪಾಠ. ಕಛೇರಿ ಮುಗಿದ ಮೇಲೆ ನಡೆದೇ ಮನೆಗೆ ಬರುತ್ತಿದ್ದರು. ಊರ ನಡುವೆ ಅಂದರೆ ಅದು: ಮುಗಿದ ಮೇಲೆ ನಡೆದು ಮನೆಗೆ ಬರುವಂತಿರಬೇಕು.

ಈಗಿನ ಕಥೆಗೆ ಬನ್ನಿ. ಕೆಲವು ವರ್ಷದ ಹಿಂದೆ ಮಗಳು ಹಟ ಮಾಡಿ ನಮ್ಮಿಬ್ಬರನ್ನೂ ಊರಾಚೆಯ ಒಂದು ಬಯಲಿಗೆ ಸಂಗೀತ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದಳು. ಹಾಡು ಎರಡು ಗಂಟೆ. ಹೋಗುವುದು ಎರಡೂವರೆ ಗಂಟೆ. ಮುಗಿದ ಮೇಲೆ ಪಾರ್ಕಿಂಗ್ ಬಯಲಿನಿಂದ ಕಾರು ಟಾರು ರಸ್ತೆ ಮುಟ್ಟುವುದಕ್ಕೇ ಒಂದು ಮುಕ್ಕಾಲು ಗಂಟೆ. ಮಧ್ಯೆ ಮಳೆ. ಹೆಂಡತಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕೆಸರಲ್ಲಿ ನಿಂತು, “ಇವರ ಹಾಡು ಮನೇಲೇ ಚೆನ್ನಾಗಿ ಕೇಳಿಸ್ತಿತ್ತು” ಅಂದಳು. ಕೊನೆಯ ಮೆಟ್ರೋ ತಪ್ಪಿಸಿಕೊಂಡ ಹುಡುಗ ಹುಡುಗಿಯರು ರಸ್ತೆಯ ಪಕ್ಕ ಫೋನ್ ಹಿಡಿದುಕೊಂಡು, ಮೂರು ಪಟ್ಟು ಬಾಡಿಗೆ ಕೇಳುವ ಕ್ಯಾಬಿಗಾಗಿ ಕಾಯುತ್ತಿದ್ದರು. ದುಡ್ಡು ಕೊಟ್ಟು ಬಂದವರ ಪಾಡು ಇದು.

ಹಾಗಾದರೆ ನಡುವೆ ಎಲ್ಲಿ ಅಂತ ಕೇಳುತ್ತೀರಿ. ಕಂಠೀರವದ ಆವರಣದಲ್ಲೇ. ಹೊಸ ನೆಲ ಬೇಡ, ಕಬ್ಬನ್ ಪಾರ್ಕಿನ ಒಂದು ಗಿಡವನ್ನೂ ಮುಟ್ಟಬೇಡಿ. ಈಗಿರುವ ಒಳಾಂಗಣದ ಜಾಗದಲ್ಲೇ ದೊಡ್ಡದನ್ನು, ಸರಿಯಾದದ್ದನ್ನು ಕಟ್ಟಿ.

ಆ ನೆಲದ ಜಾತಕ ನಿಮಗೂ ಗೊತ್ತಿರಬೇಕು. ಅದು ಸಂಪಂಗಿ ಕೆರೆ. ನಮ್ಮ ಬಡಾವಣೆಗೆ ಹೆಸರು ಬಂದದ್ದೇ ಅಲ್ಲಿಂದ. ಸುತ್ತ ತಿಗಳರ ತೋಟಗಳಿದ್ದವು. ಕೆರೆ ಬತ್ತಿತು, ಬತ್ತಿಸಿದರು, ಆಮೇಲೆ ಸ್ಟೇಡಿಯಂ ಎದ್ದಿತು. ಈ ಊರಿನ ಆಟದ ಚರಿತ್ರೆಯೇ ಹಾಗೆ: ಶೂಲೆ ಕೆರೆ ಫುಟ್‌ಬಾಲ್ ಸ್ಟೇಡಿಯಂ ಆಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ ಆಯಿತು. ನಾವು ಆಡುವುದೆಲ್ಲ ಕೆರೆಯ ಅಂಗಳದಲ್ಲೇ. ಸಂಪಂಗಿ ಕೆರೆಯ ಪಾಲಿಗೆ ಉಳಿದದ್ದು ಒಂದು ಪುಟ್ಟ ಚೌಕದ ಕೊಳ. ಕರಗ ಇರುವುದರಿಂದ ಅದು ಉಳಿಯಿತು. ಹಸಿ ಕರಗದ ರಾತ್ರಿ ಧರ್ಮರಾಯನ ಗುಡಿಯವರು ಈಗಲೂ ಅಲ್ಲಿಗೇ ಬರುತ್ತಾರೆ. ನೀವು ಏನೇ ನಕ್ಷೆ ಬರೆಸಿದರೂ ಆ ಕೊಳವನ್ನು ಮೊದಲು ಗುರುತು ಹಾಕಿಕೊಂಡು, ಮಿಕ್ಕದ್ದನ್ನು ಆಮೇಲೆ ಬರೆಸಿ. ಮಳೆ ಜೋರಾಗಿ ಹೊಡೆದಾಗ ನೀರಿಗೆ ತನ್ನ ಹಳೆ ಮನೆ ನೆನಪಾಗುತ್ತದೆ ಅನ್ನುವುದನ್ನೂ ಇಂಜಿನಿಯರುಗಳಿಗೆ ಹೇಳಿ. ನೆಲಮಾಳಿಗೆಯಲ್ಲಿ ಮೂರು ಅಂತಸ್ತು ಪಾರ್ಕಿಂಗ್ ತೋಡುವ ಆಸೆ ಯಾರಿಗಾದರೂ ಇದ್ದರೆ ಈಗಲೇ ಬಿಡಿಸಿ.

ಇನ್ನು ಆ ಅಂಗಳ ಏನೆಲ್ಲ ಹೊತ್ತಿದೆ ನೋಡಿ. 1997ರ ರಾಷ್ಟ್ರೀಯ ಕ್ರೀಡಾಕೂಟ. ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿದ್ದು 2013ರಲ್ಲೂ ಅಲ್ಲೇ, 2023ರಲ್ಲೂ ಅಲ್ಲೇ. 2006ರಲ್ಲಿ ರಾಜಕುಮಾರ್ ಅವರನ್ನು ಕೊನೆಯ ಸಲ ನೋಡಲು ಜನ ಬಂದದ್ದು, 2018ರಲ್ಲಿ ಅಂಬರೀಶ್ ಅವರನ್ನು, 2021ರಲ್ಲಿ ಪುನೀತ್ ಅವರನ್ನು, ಎಲ್ಲ ಅಲ್ಲಿಗೇ. ಊರಿನ ಹೊರಗಿನವರು ಸ್ಟೇಡಿಯಂಗೂ ಸಮಾಧಿ ಇರುವ ಕಂಠೀರವ ಸ್ಟುಡಿಯೋಗೂ ಗಲಿಬಿಲಿ ಮಾಡಿಕೊಳ್ಳುತ್ತಾರೆ, ಅದು ಬೇರೆ ಮಾತು. ಪುನೀತ್ ತೀರಿಕೊಂಡ ಮಾರನೆಯ ದಿನ ನಮ್ಮ ಬೀದಿಯ ಕೊನೆಯವರೆಗೂ ಸಾಲು ಇತ್ತು. ರಾಣೆಬೆನ್ನೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದಿದ್ದ ಒಬ್ಬರು ನಮ್ಮ ಗೇಟಿನ ಹತ್ತಿರ ನೀರು ಕೇಳಿದರು. ಕುಡಿದು, ಲೋಟವನ್ನು ನಲ್ಲಿಯಲ್ಲಿ ತೊಳೆದು ವಾಪಸು ಕೊಟ್ಟು, ಮತ್ತೆ ಸಾಲಿಗೆ ಹೋಗಿ ನಿಂತರು. ಸಾಲಿನಲ್ಲಿ ಅವರ ಜಾಗವನ್ನು ಯಾರೂ ಆಕ್ರಮಿಸಿರಲಿಲ್ಲ.

ಊರ ನಡುವಿನ ಅಂಗಳಕ್ಕೆ ಇಷ್ಟೆಲ್ಲ ಬಳಕೆ ಇದೆ. ಗೋಳು ಎಲ್ಲಿದೆ ಅಂದರೆ, ಇಷ್ಟೆಲ್ಲ ಬಳಕೆಗೆ ಒಂದು ಲೆಕ್ಕ ಇಲ್ಲ. ಬೆಂಗಳೂರು ಎಫ್‌ಸಿ ಅಲ್ಲಿ ಆಡಲು ಬಂದ ಮೇಲೆ ಅಥ್ಲೀಟುಗಳಿಗೂ ಫುಟ್‌ಬಾಲಿಗೂ ಎಂಥ ಜಗಳ ಆಯಿತು ನೆನಪಿದೆಯೇ? ಜಾವೆಲಿನ್, ಹ್ಯಾಮರ್ ಬಿದ್ದರೆ ಹುಲ್ಲಿನಲ್ಲಿ ಗುಂಡಿ. ಗುಂಡಿ ಇದ್ದರೆ ಫುಟ್‌ಬಾಲಿಗರ ಕಾಲು ಮುರಿಯುತ್ತದೆ. ಮ್ಯಾಚ್ ಇದ್ದರೆ ಓಟಗಾರರಿಗೆ ಗೇಟು ಬಂದ್. ತಕರಾರು ಹೈಕೋರ್ಟಿನ ಮೆಟ್ಟಿಲೂ ಹತ್ತಿತು. ಎಸೆತದವರಿಗೆ ಜಾಗ ಸಿಗದೆ ಗೊಣಗಾಟ ಕೇಳಿಬಂದ ಅದೇ ಹುಲ್ಲಿನ ಮೇಲೆ, 2025ರ ಜುಲೈ 5ರಂದು ನೀರಜ್ ಚೋಪ್ರಾ ತನ್ನ ಹೆಸರಿನ ಅಂತರರಾಷ್ಟ್ರೀಯ ಜಾವೆಲಿನ್ ಕೂಟ ನಡೆಸಿ, 86.18 ಮೀಟರ್ ಎಸೆದು ತಾನೇ ಗೆದ್ದ. ಪಂಚಕುಲದಲ್ಲಿ ಟೀವಿಗೆ ಸಾಲುವಷ್ಟು ಬೆಳಕಿಲ್ಲ ಅಂತ ಆ ಕೂಟ ನಮ್ಮ ಪಾಲಿಗೆ ಬಂದದ್ದು. ಅವತ್ತು ತಾರಸಿಯಲ್ಲಿ ನಿಂತವನಿಗೆ ನಗು ಬಂತು. ಮೈದಾನದ ತಪ್ಪಲ್ಲ, ಯಾವ ದಿನ ಯಾರದ್ದು ಅಂತ ಮೊದಲೇ ಬರೆದಿಡದವರ ತಪ್ಪು ಅದು.

ಬಹೂಪಯೋಗಿ ಅಂತ ಬೋರ್ಡ್ ಹಾಕಿ ಎಲ್ಲವನ್ನೂ ಒಂದೇ ಹುಲ್ಲಿನ ಮೇಲೆ ಸುರಿದರೆ ಏನಾಗುತ್ತದೆಂದು ದಿಲ್ಲಿಯವರು 2024ರ ಅಕ್ಟೋಬರ್‌ನಲ್ಲಿ ತೋರಿಸಿದರು. ಜವಾಹರಲಾಲ್ ನೆಹರೂ ಸ್ಟೇಡಿಯಂನಲ್ಲಿ ದಿಲ್ಜಿತ್ ದೋಸಾಂಜ್ ಹಾಡು ಮುಗಿದ ಮೇಲೆ ಟ್ರ್ಯಾಕಿನ ತುಂಬ ಬಾಟಲಿ, ಕಸ, ಮುರಿದ ಹರ್ಡಲ್‌ಗಳು. ತಾಲೀಮಿಗೆ ಬಂದ ಮಕ್ಕಳು ವಾಪಸು ಹೋದರು. ಹಾಡುಗಾರನನ್ನು ಬೈದು ಏನು ಪ್ರಯೋಜನ? ಸಿಂಥೆಟಿಕ್ ಟ್ರ್ಯಾಕ್ ಲಾರಿಯ ಭಾರ ಹೊರಲು ಹುಟ್ಟಿದ್ದಲ್ಲ, ಹುಲ್ಲು ಪ್ಲಾಸ್ಟಿಕ್ ಹಾಸಿನ ಕೆಳಗೆ ನಾಲ್ಕು ದಿನ ಬದುಕಲು ಹುಟ್ಟಿದ್ದಲ್ಲ. ಅದಕ್ಕೇ ನಾನು ಹೇಳುವುದು: ಹೊರಾಂಗಣ ಓಟಗಾರರಿಗೂ ಫುಟ್‌ಬಾಲಿಗೂ ಇರಲಿ. ಹಾಡು, ಕಬಡ್ಡಿ, ಸಭೆ, ಪ್ರದರ್ಶನ ಎಲ್ಲ ಪಕ್ಕದ ಸೂರಿನ ಕೆಳಗೆ.

ಆ ಸೂರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಯಾಕೆಂದರೆ ಎಡವಟ್ಟು ಆಗುವುದು ಅಲ್ಲೇ. ನಮ್ಮಲ್ಲಿ ಒಳಾಂಗಣ ಕಟ್ಟುವವರು ಸೂರನ್ನು ಮಳೆಗೆ ಅಡ್ಡ ಅಂತ ಮಾತ್ರ ನೋಡುತ್ತಾರೆ. ಹಾಡಿನವರಿಗೆ ಸೂರು ಅಂದರೆ ತೊಲೆ. ಇವತ್ತಿನ ದೊಡ್ಡ ಕಾರ್ಯಕ್ರಮದ ಸ್ಪೀಕರ್, ದೀಪ, ಎಲ್‌ಇಡಿ ಪರದೆ ಎಲ್ಲ ಮೇಲಿಂದ ಸರಪಳಿಯಲ್ಲಿ ತೂಗುತ್ತವೆ, ಹತ್ತಾರು ಟನ್ ಭಾರ. ಸೂರಿನ ಉಕ್ಕು ಅದನ್ನು ಹೊರುವಂತೆ ಮೊದಲ ದಿನವೇ ಲೆಕ್ಕ ಹಾಕದಿದ್ದರೆ, ಒಳಾಂಗಣದೊಳಗೆ ಮತ್ತೆ ಕಂಬ ನೆಟ್ಟು ಚಪ್ಪರ ಹಾಕಬೇಕಾಗುತ್ತದೆ. ಚಪ್ಪರ ಬಂದರೆ ನಾನೂರು ಸೀಟಿಗೆ ವೇದಿಕೆ ಕಾಣುವುದಿಲ್ಲ. ಎರಡನೆಯದು, ಸದ್ದು. ಗುಮ್ಮಟ ನೋಡಲು ಚೆಂದ. ಗೋಳಗುಮ್ಮಟದಲ್ಲಿ ಒಂದು ಕೂಗು ಏಳು ಸಲ ಮರುಕಳಿಸಿದರೆ ಪ್ರವಾಸಿಗರಿಗೆ ಖುಷಿ, ಹಾಡುವವಳಿಗೆ ಅದೇ ಶಾಪ. ಸದ್ದು ಹೀರುವ ಹಾಸನ್ನು ಸೂರಿನ ಒಳಮೈಗೆ, ಗೋಡೆಗೆ ಹೊದಿಸುವುದು ಅಲಂಕಾರದ ಖರ್ಚಲ್ಲ. ಅದು ಒಳಗಿನ ಹಾಡನ್ನೂ ಉಳಿಸುತ್ತದೆ, ಹೊರಗಿನ ನಮ್ಮ ನಿದ್ದೆಯನ್ನೂ ಉಳಿಸುತ್ತದೆ. ಮೂರನೆಯದನ್ನು ಯಾರೂ ನೆನಪಿಡುವುದಿಲ್ಲ: ಲಾರಿ ಎಲ್ಲಿ ನಿಲ್ಲಬೇಕು? ಸಾಮಾನು ತುಂಬಿದ ಲಾರಿ ನೆಟ್ಟಗೆ ಅಂಗಳದ ಮಟ್ಟಕ್ಕೇ ಬಂದು ಹಿಂಬಾಗಿಲು ತೆರೆಯುವಂತಿದ್ದರೆ ಒಂದೇ ರಾತ್ರಿಯಲ್ಲಿ ಬಿಚ್ಚಿ ಕಟ್ಟಬಹುದು. ಅದಿಲ್ಲದಿದ್ದರೆ ಹಮಾಲರು ಬೆಳಗಿನವರೆಗೆ ತಲೆಯ ಮೇಲೆ ಹೊರುತ್ತಾರೆ, ಮಾರನೆಯ ದಿನದ ಮ್ಯಾಚ್ ಮುಂದಕ್ಕೆ ಹೋಗುತ್ತದೆ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಐಸ್ ಹಾಕಿಯ ಮಂಜಿನ ನೆಲದ ಮೇಲೆ ಹಲಗೆ ಮುಚ್ಚಿ ಅದರ ಮೇಲೆ ಬ್ಯಾಸ್ಕೆಟ್‌ಬಾಲಿನ ಮರದ ಅಂಗಳ ಜೋಡಿಸುತ್ತಾರೆ, ಕೆಲವೇ ಗಂಟೆಗಳ ಕೆಲಸ. ಮಂಜು ಕೆಳಗೆ ಹಾಗೇ ಇರುತ್ತದೆ.

ಆ ಗಾರ್ಡನ್ ಇರುವುದು ಪೆನ್ ರೈಲು ನಿಲ್ದಾಣದ ನೆತ್ತಿಯ ಮೇಲೆ. ಬ್ರೂಕ್ಲಿನ್‌ನವರು 2012ರಲ್ಲಿ ಬಾರ್ಕ್ಲೇಸ್ ಸೆಂಟರ್ ತೆರೆದದ್ದೂ ಸಬ್‌ವೇ ಮತ್ತು ರೈಲು ಕೂಡುವ ಜಾಗದಲ್ಲೇ. ಹೆಚ್ಚಿನ ಜನ ಕಾರು ತರುವುದಿಲ್ಲ, ಯಾಕೆಂದರೆ ತಂದರೆ ನಿಲ್ಲಿಸಲು ಜಾಗ ಕಡಿಮೆ. ನಮಗೂ ಹಾಗೇ ಮಾಡಿ. ಕಂಠೀರವದಲ್ಲಿ ಪ್ರೇಕ್ಷಕರಿಗೆ ಪಾರ್ಕಿಂಗೇ ಬೇಡ. ಕಬ್ಬನ್ ಪಾರ್ಕ್ ಮೆಟ್ರೋದಿಂದ ಕಸ್ತೂರಬಾ ರಸ್ತೆಯಲ್ಲಿ ಮರದ ನೆರಳಲ್ಲೇ ನಡೆದು ಬರಬಹುದು, ಫುಟ್‌ಪಾತ್ ಒಂದು ಸಮ ಇದ್ದರೆ. ಕಾರ್ಪೊರೇಷನ್ ಸರ್ಕಲ್ಲಿಗೆ ಊರಿನ ಎಲ್ಲ ಮೂಲೆಯ ಬಸ್ಸು ಬರುತ್ತದೆ. ಟಿಕೆಟ್ಟಿನ ಬೆಲೆಯಲ್ಲೇ ಮೆಟ್ರೋ, ಬಿಎಂಟಿಸಿ ಸೇರಿಸಿ, ಕಾರ್ಯಕ್ರಮದ ರಾತ್ರಿ ಕೊನೆಯ ರೈಲನ್ನು ಒಂದು ಗಂಟೆ ತಡ ಮಾಡಿ.

ಅಮೆರಿಕದಿಂದ ಕಲಿಯಬಾರದ್ದೂ ಒಂದಿದೆ. ಅಲ್ಲಿ ಊರೂರುಗಳು ಖಾಸಗಿ ತಂಡಗಳ ಸ್ಟೇಡಿಯಂಗೆ ತೆರಿಗೆ ದುಡ್ಡು ಸುರಿದವು. ವ್ಯಾಪಾರ ಹೆಚ್ಚುತ್ತದೆ, ಕೆಲಸ ಹುಟ್ಟುತ್ತದೆ ಅಂತ ಹೇಳಿದ್ದು ಲೆಕ್ಕಕ್ಕೆ ಬರಲಿಲ್ಲ ಅಂತ ಅರ್ಥಶಾಸ್ತ್ರಜ್ಞರು ಮತ್ತೆ ಮತ್ತೆ ತೋರಿಸಿದ್ದಾರೆ. ಆದ್ದರಿಂದ ಲಾಭದ ಆಸೆ ತೋರಿಸಿ ನನ್ನನ್ನು ಒಪ್ಪಿಸಬೇಡಿ. ಲೈಬ್ರರಿ ಕಟ್ಟಿದ ಹಾಗೆ ಕಟ್ಟಿ. ಹಾಡಿನವರಿಂದ, ಲೀಗ್‌ನವರಿಂದ ದಿನದ ಬಾಡಿಗೆ ಗಟ್ಟಿಯಾಗಿ ವಸೂಲಿ ಮಾಡಿ. ಮೂವತ್ತು ವರ್ಷದ ಲೀಸಿಗೆ ಮಾತ್ರ ಯಾರಿಗೂ ಕೊಡಬೇಡಿ.

ಕಾಂಕ್ರೀಟ್ ಕಲಸುವ ಮೊದಲು ಒಂದು ಕ್ಯಾಲೆಂಡರ್ ಬರೆಯಿರಿ. ನನ್ನ ಕೋರಿಕೆಯ ತಿರುಳೇ ಇದು. ಬೆಳಿಗ್ಗೆ ಐದೂವರೆಯಿಂದ ಒಂಬತ್ತೂವರೆ, ವರ್ಷದ ಎಲ್ಲ ದಿನ, ಮಕ್ಕಳ ತಾಲೀಮಿಗೆ. ರಾತ್ರಿ ಯಾರೇ ಹಾಡಿರಲಿ, ಬೆಳಿಗ್ಗೆ ಅಂಗಳ ಅವರದ್ದು, ಹೊರಾಂಗಣದಲ್ಲೂ ಒಳಾಂಗಣದಲ್ಲೂ. ಎಸೆತದವರಿಗೆ ವಾರಕ್ಕೆ ಇಂತಿಷ್ಟು ದಿನ, ಫುಟ್‌ಬಾಲಿಗೆ ಇಂತಿಷ್ಟು, ಅದನ್ನು ಋತು ಶುರುವಾಗುವ ಆರು ತಿಂಗಳ ಮೊದಲೇ ಪ್ರಕಟಿಸಿ. ಹಾಡಿಗೆ ವರ್ಷಕ್ಕೆ ಅರವತ್ತು ಸಂಜೆ ಕೊಡಿ, ಅದರಲ್ಲಿ ಹದಿನೈದಾದರೂ ಕನ್ನಡದ ಹಾಡಿಗೆ, ನಾಟಕಕ್ಕೆ, ಕಡಿಮೆ ಬಾಡಿಗೆಯಲ್ಲಿ. ಸರ್ಕಾರದ ಸಮಾರಂಭಗಳಿಗೆ ಹತ್ತು ದಿನ, ಹನ್ನೊಂದನೆಯದಕ್ಕೆ ನೀವೂ ಬಾಡಿಗೆ ಕಟ್ಟಿ. ನಿಮಗೆ ಇದು ಉದ್ಧಟತನ ಅನ್ನಿಸಬಹುದು. ಆದರೆ ತಾಲೀಮಿಗೆ ಬಂದ ಹುಡುಗಿಯನ್ನು ಗೇಟಿನಿಂದ ವಾಪಸು ಕಳಿಸುವಾಗ ಯಾರೂ ಅವಳ ಹತ್ತಿರ ಕ್ಷಮೆ ಕೇಳಿದ್ದನ್ನು ನಾನು ಕಂಡಿಲ್ಲ.

ಒಳಾಂಗಣ ಜನರನ್ನು ಎಳೆಯುತ್ತದಾ ಎಂಬ ಅನುಮಾನ ಇದ್ದರೆ 2017ರ ಜುಲೈ ನೆನಪಿಸಿಕೊಳ್ಳಿ. ಮಹಿಳಾ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್‌ನ ಬಿ ವಿಭಾಗದ ಫೈನಲ್ಲಿನಲ್ಲಿ ನಮ್ಮ ಹುಡುಗಿಯರು ಕಜಕಸ್ತಾನವನ್ನು ಎರಡೇ ಪಾಯಿಂಟಿನಲ್ಲಿ ಸೋಲಿಸಿದ್ದು ಅದೇ ನಾಲ್ಕು ಸಾವಿರದ ಅಂಗಳದಲ್ಲಿ. ಪ್ರೊ ಕಬಡ್ಡಿ ಬಂದಾಗ ನಮ್ಮೂರಿನ ಬೆಂಗಳೂರು ಬುಲ್ಸ್ ತಂಡದ ಆಟಕ್ಕೆ ನಮ್ಮ ಬೀದಿಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಇರುತ್ತಿರಲಿಲ್ಲ. ಕೋವಿಡ್ ಕಾಲದಲ್ಲಿ ಇಡೀ ಕಬಡ್ಡಿ ಋತುವನ್ನು ವೈಟ್‌ಫೀಲ್ಡಿನ ಹೋಟೆಲೊಂದರ ಸಭಾಂಗಣದಲ್ಲಿ ಪ್ರೇಕ್ಷಕರಿಲ್ಲದೆ ಆಡಿಸಿದರು. ಟೀವಿಯಲ್ಲಿ ನೋಡಿದೆ. ರೇಡರ್ ನಾಲ್ವರನ್ನು ಎಳೆದುಕೊಂಡು ಗೆರೆ ಮುಟ್ಟುತ್ತಾನೆ, ಶ್ಮಶಾನ ಮೌನ.

ಗೇಟುಗಳ ವಿಷಯ ಹೇಳದೆ ಈ ಪತ್ರ ಮುಗಿಸುವ ಹಾಗಿಲ್ಲ. ಜೂನ್ 4ರಂದು ಜನ ಸತ್ತದ್ದು ಸ್ಟೇಡಿಯಂ ಒಳಗಲ್ಲ, ಬಾಗಿಲಾಚೆ. ಒಳಗೆ ಎಷ್ಟು ಸೀಟು ಅನ್ನುವುದಕ್ಕಿಂತ ಹೊರಗೆ ಎಷ್ಟು ಜನ ನಿಲ್ಲಬಹುದು ಅನ್ನುವುದು ದೊಡ್ಡ ಪ್ರಶ್ನೆ ಅಂತ ಅವತ್ತು ಗೊತ್ತಾಯಿತು. ಕಂಠೀರವದ ಹೊಸ ನಕ್ಷೆಯಲ್ಲಿ ಗೇಟಿನ ಮುಂದೆ ರಸ್ತೆ ಬರಕೂಡದು, ಅಂಗಳ ಬರಬೇಕು. ಸಾಲು ಸುತ್ತಿಕೊಂಡು ನಿಲ್ಲುವಂಥ, ಬಿಸಿಲಿಗೆ ನೆರಳಿರುವ, ನೀರಿನ ನಲ್ಲಿ ಇರುವ ಅಂಗಳ. ಬಾಗಿಲು ಹೊರಗಡೆಗೆ ತೆರೆಯಬೇಕು. ಉಚಿತ ಪ್ರವೇಶ ಅಂತ ಮಧ್ಯಾಹ್ನ ಫೋನಿನಲ್ಲಿ ಘೋಷಿಸುವ ಅಧಿಕಾರ ಯಾವ ಸಂಘಟಕರಿಗೂ ಇರಕೂಡದು.

ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು ಎಂಬ ನಿಯಮಕ್ಕೆ ನಮ್ಮ ಬೀದಿಯವರು ಅಂಟಿಕೊಂಡಿದ್ದೇವೆ, ಬಿಡುವುದಿಲ್ಲ. ನಮ್ಮಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ಹತ್ತಿರದಲ್ಲೇ ಆಸ್ಪತ್ರೆಗಳಿವೆ. ಆದರೆ ಸದ್ದು ಹೊರಗೆ ಸೋರದಂತೆ ಕಟ್ಟಿದ ಸೂರಿನ ಕೆಳಗೆ ಹತ್ತೂವರೆಗೆ ಹಾಡು ಮುಗಿದರೆ ದೂರು ಕೊಡುವ ಮೊದಲಿಗ ನಾನಾಗುವುದಿಲ್ಲ.

ಸ್ಟೇಡಿಯಂ ಗೇಟಿನ ಹತ್ತಿರ ಚುರುಮುರಿ ಮಾರುವವನೊಬ್ಬ ಇದ್ದಾನೆ. ನನ್ನನ್ನು ಕಂಡಾಗೆಲ್ಲ ಅವನದು ಒಂದೇ ಪ್ರಶ್ನೆ: “ಸಾರ್, ಈ ವಾರ ಆಟನಾ, ಹಾಡಾ, ಭಾಷಣಾನಾ?” ಅವನಿಗೆ ಮೂರಕ್ಕೂ ಬೇರೆ ಬೇರೆ ಲೆಕ್ಕ. ಫುಟ್‌ಬಾಲಿನವರು ಮುಗಿದ ಮೇಲೆ ತಿನ್ನುತ್ತಾರೆ, ಗೆದ್ದರೆ ಡಬಲ್. ಅಥ್ಲೆಟಿಕ್ಸ್ ಕೂಟ ಅಂದರೆ ಅಪ್ಪ ಅಮ್ಮಂದಿರು ಬೆಳಿಗ್ಗೆಯಿಂದ ಸಂಜೆವರೆಗೆ ಸ್ವಲ್ಪ ಸ್ವಲ್ಪ ಕೊಳ್ಳುತ್ತಾರೆ. ಭಾಷಣಕ್ಕೆ ಬಸ್ಸಿನಲ್ಲಿ ಬಂದವರಿಗೆ ಪುಳಿಯೋಗರೆ ಪೊಟ್ಟಣ ಬಂದಿರುತ್ತದೆ, ಅವತ್ತು ಅವನು ಗಾಡಿ ಹೂಡುವುದೇ ಇಲ್ಲ. ಪ್ರತಿ ಸಲವೂ ನಾನು “ಗೊತ್ತಿಲ್ಲಪ್ಪ” ಅನ್ನುತ್ತೇನೆ, ಯಾಕೆಂದರೆ ಯಾರಿಗೂ ಗೊತ್ತಿರುವುದಿಲ್ಲ. ಆ ಕ್ಯಾಲೆಂಡರ್ ತಯಾರಾದ ದಿನ ಅದನ್ನು ಗೇಟಿನ ಪಕ್ಕ ದೊಡ್ಡ ಬೋರ್ಡಿನಲ್ಲಿ, ಕನ್ನಡದಲ್ಲಿ, ಹಾಕಿಸಿ. ಎಷ್ಟು ಈರುಳ್ಳಿ ಹೆಚ್ಚಬೇಕು ಅಂತ ಅವನೇ ನೋಡಿಕೊಳ್ಳುತ್ತಾನೆ.

ಇತಿ,
ಸಂಪಂಗಿರಾಮನಗರದ ಒಬ್ಬ ನಿವಾಸಿ